ಪಾಟೀಲರೆಲ್ಲ ಮಹಾರಾಷ್ಟ್ರದಿಂದ ಬಂದವರೇ? ಒಂದು ಸ್ಪಷ್ಟನೆ

‘ಪಾಟೀಲ ಎಂಬುದು ಮರಾಠರ ಅಡ್ಡಹೆಸರು, ಕರ್ನಾಟಕದ ಪಾಟೀಲರೆಲ್ಲ ಅಲ್ಲಿಂದ ವಲಸೆ ಬಂದವರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಪಾಟೀಲ ಮೂಲದಲ್ಲಿ ಜಾತಿಯ ಹೆಸರೇ ಅಲ್ಲ, ಹುದ್ದೆಯ ಹೆಸರು. ಊರಿನ ಕಂದಾಯ ಎತ್ತುವುದು, ಶಾಂತಿ ಕಾಯುವುದು ಆ ಮನೆತನದ ಕೆಲಸ. ಲೆಕ್ಕ ಬರೆಯುವುದು ಕುಲಕರ್ಣಿಯದು. ಈ ಕೆಲಸಕ್ಕಾಗಿ ಪಾಟೀಲರಿಗೆ ವತನ ಜಮೀನು, ಅಂದರೆ ಹುದ್ದೆಗೆಂದೇ ಬಿಟ್ಟ ಜಮೀನು ಸಿಗುತ್ತಿತ್ತು, ತಂದೆಯ ನಂತರ ಮಗನಿಗೆ ಹುದ್ದೆ ದಾಟುತ್ತಿತ್ತು. ಹುದ್ದೆ ಯಾರ ಕೈಯಲ್ಲಿತ್ತೋ ಅವರೇ ಪಾಟೀಲರು. ಹಾಗಾಗಿಯೇ ಲಿಂಗಾಯತರು, ಜೈನರು, ರೆಡ್ಡಿಗಳು, ಮರಾಠರು, ಮುಸ್ಲಿಮರು ಎಲ್ಲರಲ್ಲೂ ಪಾಟೀಲರಿದ್ದಾರೆ. ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಲಿಂಗಾಯತರು.

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಹೆಸರುಗಳನ್ನು ನೋಡಿದರೆ ಇನ್ನೂ ಸ್ವಾರಸ್ಯ. ಕಂದಾಯ ನೋಡಿಕೊಂಡವರು ಮಾಲಿಪಾಟೀಲರಾದರು, ಬಂದೋಬಸ್ತು ನೋಡಿಕೊಂಡವರು ಪೊಲೀಸ್ ಪಾಟೀಲರಾದರು. (ಈಗಿನ ಪೊಲೀಸ್ ಪಾಟೀಲರಲ್ಲಿ ಖಾಕಿ ತೊಟ್ಟವರೇ ಇರಬೇಕೆಂದೇನಿಲ್ಲ!) ಹಳೇ ಮೈಸೂರಿನಲ್ಲಿ ಇದೇ ಕೆಲಸದವರು ಪಟೇಲರು, ಲೆಕ್ಕ ಬರೆಯುವವರು ಶಾನುಭೋಗರು. ಗುಜರಾತಿನ ಪಟೇಲರ ಹೆಸರೂ ಊರ ಮುಖ್ಯಸ್ಥನ ಹುದ್ದೆಯಿಂದಲೇ ಬಂದದ್ದು.

ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದಾಗ ಮರಾಠಿ ಆಡಳಿತದ ಪ್ರಭಾವವಿತ್ತು, ನಿಜ. ಗೌಡಿಕೆಯ (ಊರ ಮುಖ್ಯಸ್ಥ ಗೌಡರ) ಮನೆತನಗಳು ದಫ್ತರದಲ್ಲಿ ಪಾಟೀಲ ಆದದ್ದೂ ಉಂಟು. ಬಸನಗೌಡ ಪಾಟೀಲ ಎಂಬಂಥ ಹೆಸರಿನಲ್ಲಿ ಎರಡೂ ಒಟ್ಟಿಗೇ ಉಳಿದಿವೆ. ಆದರೆ ದಫ್ತರದ ಹೆಸರು ಬದಲಾದರೆ ಮನೆತನವೇ ಗಡಿ ದಾಟಿ ಬಂತೆಂದು ಹೇಳಲಾಗದು. ಕೆಲವು ಕುಟುಂಬಗಳು ಅತ್ತಿಂದಿತ್ತ ಬಂದಿರಬಹುದು. ಅದನ್ನು ಎಲ್ಲರ ತಲೆಗೂ ಕಟ್ಟುವುದು ತಪ್ಪು.

ಅಂದಹಾಗೆ, 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾಗಿ ಈ ವಂಶಪಾರಂಪರ್ಯ ಹುದ್ದೆಗಳು ರಾಜ್ಯದಲ್ಲಿ ಹೋದವು. ಪಾಟೀಲ ಎಂಬ ಅಡ್ಡಹೆಸರಿನಿಂದ ಇವತ್ತು ಯಾವ ಅಧಿಕಾರವೂ ಬರುವುದಿಲ್ಲ.