ಇಲಿಗೆ ಇಳಿದ ಶುಗರ್

ವಿಜಯಪುರದಲ್ಲಿ ಬಾಯಿ ತಪ್ಪಿಯೂ ‘ನನಗೆ ಶುಗರ್ ಇದೆ’ ಎನ್ನಬೇಡಿ. ಕೈಯಲ್ಲಿರುವ ಚಹಾ ಮುಗಿಯುವುದರೊಳಗೆ ಒಬ್ಬರು ಆಲದ ಚಕ್ಕೆ ಎನ್ನುತ್ತಾರೆ, ಇನ್ನೊಬ್ಬರು ಅತ್ತಿ ಚಕ್ಕೆಯ ಕಷಾಯ ಎನ್ನುತ್ತಾರೆ. ಪುಡಿ ಮಾರುವವನಂತೂ ಮೊಬೈಲನ್ನೇ ಮುಖಕ್ಕೆ ಹಿಡಿಯುತ್ತಾನೆ: “ಕಾಕಾರ, ಸುಮ್ನ ಹೇಳಾಕತ್ತಿಲ್ರಿ, ಸಂಶೋಧನಾ ಆಗೇತಿ!”

ಆಗಿದೆ, ನಿಜ. ಆಲದ ತೊಗಟೆಯಲ್ಲಿ ಲ್ಯೂಕೋಸಯಾನಿಡಿನ್ ಜಾತಿಯ ಸಂಯುಕ್ತಗಳಿವೆ. ಅತ್ತಿಯ ತೊಗಟೆಯಲ್ಲಿ ಬರ್ಜೆನಿನ್ ಎಂಬ ಸಂಯುಕ್ತ ಇದೆ. ಆಲದ ಆ ಸಂಯುಕ್ತಗಳನ್ನು ಬೇರ್ಪಡಿಸಿ, ತೂಗಿ ಕೊಟ್ಟಾಗ ಶುಗರ್ ಇಳಿದದ್ದೂ ಹೌದು. ಇಳಿದದ್ದು ಇಲಿಗಳಿಗೆ. ಅದೂ ಅಲೊಕ್ಸಾನ್ ಎಂಬ ರಾಸಾಯನಿಕ ಚುಚ್ಚಿ, ಬೇಕೆಂದೇ ಶುಗರ್ ಬರಿಸಿದ ಇಲಿಗಳಿಗೆ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. ಏಳು ಸಲವೂ ಕೂಗಿದ್ದೇ ಕೇಳಿಸುತ್ತದಲ್ವಾ, ಅದು ಗುಮ್ಮಟದ ದೊಡ್ಡತನ. ನಮ್ಮ ಬಜಾರಿನಲ್ಲಿ ‘ಇಲಿ’ ಎಂದು ಕೂಗಿದರೆ ‘ಮನುಷ್ಯ’ ಎಂದು ಕೇಳಿಸುತ್ತದೆ.

ಕ್ಯಾನ್ಸರ್ ಸುದ್ದಿಯನ್ನಂತೂ ಕೇಳಲೇಬೇಡಿ. ಚಕ್ಕೆಯ ರಸ ಹಾಕಿದಾಗ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳು ಸತ್ತವಂತೆ. ಫಿನಾಯಿಲ್ ಸುರಿದರೂ ಸಾಯುತ್ತವೆ. ಆ ಬಾಟಲಿ ಮೇಲೆ ಇನ್ನೂ ಯಾರೂ ಹಾಗೆ ಬರೆದಿಲ್ಲ, ಪುಣ್ಯ.

ತೊನ್ನಿಗೆ ಹಚ್ಚುವ ಅಂಜೂರದ ಎಲೆಯ ಕಥೆ ಬೇರೆ. ಅದು ನಿಜಕ್ಕೂ ಕೆಲಸ ಮಾಡುತ್ತದೆ, ತೊಂದರೆ ಇರುವುದೇ ಅಲ್ಲಿ. ಎಲೆಯಲ್ಲಿ ಸೊರಾಲೆನ್, ಬರ್ಗಾಪ್ಟೆನ್ ಎಂಬ ರಾಸಾಯನಿಕಗಳಿವೆ. ಅದರ ರಸ ಚರ್ಮಕ್ಕೆ ತಾಗಿ, ಮೇಲೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತವೆ. ಇದೇ ಸೊರಾಲೆನ್ ಜಾತಿಯ ಔಷಧವನ್ನು ಡಾಕ್ಟರು ತೊನ್ನಿಗೆ ಕೊಡುತ್ತಾರೆ. ಔಷಧವನ್ನೂ ಅಳೆಯುತ್ತಾರೆ, ಬೆಳಕನ್ನೂ ಅಳೆಯುತ್ತಾರೆ. ನಮ್ಮ ಪಂಡಿತರ ಹತ್ತಿರ ಅಳತೆ ಇಲ್ಲ, ಏಪ್ರಿಲ್ ಬಿಸಿಲು ಬೇಕಾದಷ್ಟಿದೆ. ಎಲೆ ಅರೆದು ಹಚ್ಚಿ ಅಂಗಳದಲ್ಲಿ ಕೂರಿಸುತ್ತಾರೆ. ಬೊಬ್ಬೆ ಎದ್ದರೆ, “ರೋಗ ಹೊರಗ ಬರಾಕತ್ತೈತಿ, ತಡ್ಕೋರಿ.”

ಶುಗರ್ ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡಬಾರದು ಎನ್ನುವ 1954ರ ಕಾಯ್ದೆಯೇ ಇದೆ. ಅದಕ್ಕೇ ಬೋರ್ಡಿನ ಮೇಲೆ ‘ಸಲಹೆ’ ಎಂದಷ್ಟೇ ಬರೆಸುತ್ತಾರೆ. ಗುಣ ಮಾಡುವ ಕೆಲಸವನ್ನು ಬಾಯಿಯೇ ನೋಡಿಕೊಳ್ಳುತ್ತದೆ.

ಈ ಗದ್ದಲದಲ್ಲಿ ಒಂದು ಕಾಯಿಲೆ ಮಾತ್ರ ಪೂರ್ತಿ ವಾಸಿಯಾಗುತ್ತಿದೆ. ರಸ್ತೆಬದಿಯ ಆಲದ ಮರ ಕಡಿಯಲು ಅರ್ಜಿ ಹಾಕಬೇಕು, ಅನುಮತಿಗೆ ಕಾಯಬೇಕು. ಬುಡದ ಸುತ್ತ ತೊಗಟೆ ಸುಲಿದರೆ ಮರ ತಾನಾಗಿಯೇ ಒಣಗುತ್ತದೆ. ಅರ್ಜಿಯೂ ಬೇಡ, ಆಕ್ಷೇಪವೂ ಬೇಡ. ರಸ್ತೆ ಅಗಲ ಮಾಡುವ ಗುತ್ತಿಗೆದಾರರು ಆಲದ ಕಷಾಯ ಕುಡಿದವರಲ್ಲ, ಆದರೂ ಔಷಧ ನಾಟಿದ್ದು ಅವರಿಗೇ.