ಬೇವಿನ ಎಲೆ ಮತ್ತು ಆ ಉದ್ದನೆಯ ಪಟ್ಟಿ

ಬೇವಿನ ಎಲೆಯಲ್ಲಿ ಕ್ಯಾನ್ಸರ್ ವಾಸಿ ಮಾಡುವ ಅಂಶ ಪತ್ತೆ! ಇಂಥ ಫಾರ್ವರ್ಡ್ ಆಗಾಗ ಬರುತ್ತದೆ. ಜೊತೆಗೆ ಯಾವುದೋ ಸಂಶೋಧನಾ ಲೇಖನದಿಂದ ತೆಗೆದ ರಾಸಾಯನಿಕಗಳ ಪಟ್ಟಿ. ನನ್ನ ತಕರಾರು ಬೇವಿನ ಮೇಲಲ್ಲ, ಆ ಪಟ್ಟಿಯ ಮೇಲೆ.

ಆ ಪಟ್ಟಿ ತಯಾರಾಗುವುದು ಹೀಗೆ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಮೆಥನಾಲ್‌ನಂಥ ದ್ರಾವಕದಲ್ಲಿ ಸಾರ ತೆಗೆದು ಜಿಸಿ-ಎಂಎಸ್ ಯಂತ್ರಕ್ಕೆ ಹಾಕುತ್ತಾರೆ. ಅದು ಸಾರವನ್ನು ಬಿಸಿ ಮಾಡಿ ಆವಿಯಾಗಿಸುತ್ತದೆ. ಅಂಶಗಳನ್ನು ಬೇರ್ಪಡಿಸಿ, ಅಣುಗಳನ್ನು ಒಡೆದು, ಚೂರುಗಳನ್ನು ಅಳೆಯುತ್ತದೆ. ಕಂಪ್ಯೂಟರ್ ತನ್ನಲ್ಲಿರುವ ದಾಖಲೆಗಳ ಜೊತೆ ತಾಳೆ ನೋಡಿ 'ಇದು ಇಂಥದ್ದು ಇರಬಹುದು' ಅನ್ನುತ್ತದೆ. ಲೇಖನದಲ್ಲಿ ಆ 'ಇರಬಹುದು' ಸುಮ್ನೆ 'ಇದೆ' ಆಗಿಬಿಡುತ್ತದೆ.

ಇಂಥ ಪಟ್ಟಿಗಳಲ್ಲಿ ಫೈಟಾಲ್, ಪಾಲ್ಮಿಟಿಕ್ ಆಮ್ಲ (ಒಂದು ಸಾಮಾನ್ಯ ಕೊಬ್ಬಿನಾಮ್ಲ) ಪದೇ ಪದೇ ಕಾಣುತ್ತವೆ. ಫೈಟಾಲ್ ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ನದೇ ಒಂದು ಭಾಗ. ಹಸಿರು ಹುಲ್ಲು ಕೊಟ್ಟರೂ ಯಂತ್ರ ಅದನ್ನು ತೋರಿಸುತ್ತದೆ. ಕೆಲವು ಪಟ್ಟಿಗಳಲ್ಲಿ ಥ್ಯಾಲೇಟ್‌ಗಳೂ ಇರುತ್ತವೆ. ಅವು ಪ್ಲಾಸ್ಟಿಕ್ ಮೆದುವಾಗಲು ಸೇರಿಸುವ ವಸ್ತುಗಳು. ಹೆಚ್ಚಾಗಿ ಲ್ಯಾಬಿನ ಟ್ಯೂಬಿನಿಂದಲೋ ದ್ರಾವಕದಿಂದಲೋ ಬಂದಿರುತ್ತವೆ. ಅವುಗಳ ಮುಂದೆಯೂ ಒಂದು ಔಷಧೀಯ ಗುಣ ಬರೆದಿರುತ್ತಾರೆ ಪುಣ್ಯಾತ್ಮರು!

ಬೇವಿನ ಅಸಲಿ ಸರಕು ಲಿಮೊನಾಯ್ಡ್‌ಗಳು ಎಂಬ ಕಹಿ ರಾಸಾಯನಿಕಗಳು. ಎಲೆಯಲ್ಲಿ ನಿಂಬೊಲೈಡ್ ಎಂಬುದಿದೆ. ಕೀಟಗಳನ್ನು ಕಾಡುವ ಅಜಾಡಿರಾಕ್ಟಿನ್ ಬೀಜದಲ್ಲೇ ಜಾಸ್ತಿ. ಅಜಾಡಿರಾಕ್ಟಿನ್ ಎಷ್ಟು ಭಾರದ, ಎಷ್ಟು ನಾಜೂಕಿನ ಅಣು ಅಂದರೆ, ಕಾಯಿಸಿದರೆ ಆವಿಯಾಗುವ ಮೊದಲೇ ಒಡೆದುಹೋಗುತ್ತದೆ. ಅದನ್ನು ಹುಡುಕಲು ಎಚ್‌ಪಿಎಲ್‌ಸಿ ಬೇಕು, ಅಂದರೆ ಆವಿ ಮಾಡದೆ ದ್ರವದಲ್ಲೇ ಅಂಶಗಳನ್ನು ಬೇರ್ಪಡಿಸುವ ಯಂತ್ರ. ಹೀಗಾಗಿ ಬರೀ ಜಿಸಿ-ಎಂಎಸ್ ನಂಬಿಕೊಂಡರೆ ಬೇವಿಗೆ ಹೆಸರು ತಂದುಕೊಟ್ಟ ಅಣುವೇ ಪಟ್ಟಿಯಿಂದ ಹೊರಗೆ!

ಬೇವಿನ ರಸಾಯನಶಾಸ್ತ್ರಕ್ಕೆ ಜನ ಜೀವ ತೇದಿದ್ದಾರೆ. ರಸಾಯನಶಾಸ್ತ್ರಜ್ಞ ಸಲೀಮುಝ್ಝಮಾನ್ ಸಿದ್ದಿಕಿ 1942ರಲ್ಲಿ ಬೇವಿನ ಎಣ್ಣೆಯಿಂದ ನಿಂಬಿನ್ ಎಂಬ ಕಹಿ ಅಂಶವನ್ನು ಬೇರ್ಪಡಿಸಿದರು. ಅಜಾಡಿರಾಕ್ಟಿನ್ ಸಿಕ್ಕಿದ್ದು 1968ರಲ್ಲಿ. ಅದರ ಸರಿಯಾದ ರಚನೆ ಗೊತ್ತಾಗಲು 1980ರ ದಶಕ ಬರಬೇಕಾಯಿತು. ಕೇಂಬ್ರಿಡ್ಜ್‌ನ ರಸಾಯನಶಾಸ್ತ್ರಜ್ಞ ಸ್ಟೀವನ್ ಲೇ ಅವರ ತಂಡ ಅದನ್ನು ಲ್ಯಾಬಿನಲ್ಲಿ ತಯಾರಿಸಿದ್ದು 2007ರಲ್ಲಿ, 22 ವರ್ಷ ಹೆಣಗಿದ ಮೇಲೆ.

ನಿಂಬೊಲೈಡ್ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ನಿಜ. ಆದರೆ ಎಲೆ ಜಗಿದರೆ ಅದು ರಕ್ತಕ್ಕೆ ಎಷ್ಟು ಸೇರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಯಕೃತ್ತಿಗೆ ಏನು ಮಾಡುತ್ತದೆ? ಇದನ್ನು ಯಾವ ಪಟ್ಟಿಯೂ ಹೇಳಲ್ಲ. ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಂತಲೂ ಅಲ್ಲ. ಬೇವಿನ ಎಣ್ಣೆ ಕುಡಿಸಿದ ಪುಟ್ಟ ಮಕ್ಕಳಿಗೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ, ಅಲ್ವಾ?