ಪುಟ್ಟಿಗೆ ಎಷ್ಟು ಬಂತು?

ನಮ್ಮ ಅಣ್ಣನ ಮಗಳು ಪುಟ್ಟಿ ಈ ಸಲ ಪಿಯುಸಿ ಮುಗಿಸಿದಳು. ಅವತ್ತಿನಿಂದ ಮದ್ದೂರು ಕಡೆಯ ನಮ್ಮೂರಿನಲ್ಲಿ ಒಂದೇ ಪ್ರಶ್ನೆ. "ಮಗೀಗೆ ಎಷ್ಟು ಬಂತು?" ಡೇರಿಗೆ ಹಾಲು ಹಾಕಲು ಹೋದರೂ ಇದೇ, ಸಾವಿನ ಮನೆಗೆ ಹೋದರೂ ಇದೇ.

ನಮ್ಮ ಕಾಲದಲ್ಲಿ ಇದಕ್ಕೆ ಉತ್ತರ ಇತ್ತು. ಪಾಸು, ಇಲ್ಲ ಡುಮ್ಕಿ. ಪುಟ್ಟಿಯ ಹತ್ತಿರ ಆರು ಉತ್ತರ ಇವೆ. 282, 96, 73.667, 87.4305618, ಮತ್ತೆ ಎರಡು ರ‍್ಯಾಂಕು. ಆರೂ ಸರಿಯೇ. ಯಾವುದನ್ನು ಯಾರಿಗೆ ಹೇಳಬೇಕು ಅನ್ನುವುದಕ್ಕೆ ಮಾತ್ರ ಇನ್ನೂ ಯಾರೂ ಕೋಚಿಂಗ್ ಶುರು ಮಾಡಿಲ್ಲ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಸೇರಿ 300ಕ್ಕೆ 282. ಬೀದಿಯವರು ಬಾಯಿ ಸಿಹಿ ಮಾಡಿಕೊಂಡು ಹೋದರು. ಆಮೇಲೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಬಂತು. 180ಕ್ಕೆ 96. ಅದೇ ಬೀದಿಯವರು "ಮಗೀಗೆ ಹುಷಾರಿರ್ಲಿಲ್ವಾ?" ಅಂತ ಕೇಳಿದರು. ಎಂಜಿನಿಯರಿಂಗ್ ರ‍್ಯಾಂಕಿಗೆ ಎರಡನ್ನೂ ಅರ್ಧರ್ಧ ಸೇರಿಸುತ್ತಾರೆ. 282 ಇಳಿದು 47 ಆಗುತ್ತದೆ, 96 ಇಳಿದು 26.667 ಆಗುತ್ತದೆ, ಕೂಡಿದರೆ 73.667. ಇದನ್ನು ಮೂರು ಸಲ ಹೇಳಿದ ಮೇಲೂ ನಮ್ಮಣ್ಣನಿಗೆ ಒಂದೇ ಅನುಮಾನ. "ಬಂದಿದ್ದ 282 ಎಲ್ಲೋಯ್ತು?"

ಅರ್ಥವಾದದ್ದು ಅಪ್ಪನಿಗೆ ಮಾತ್ರ. ಅವರು ಏಳನೇ ಕ್ಲಾಸು. ಆದರೆ ನಲವತ್ತು ವರ್ಷ ಕಾರ್ಖಾನೆಗೆ ಕಬ್ಬು ಹಾಕಿದ್ದಾರೆ.

"ಗೊತ್ತಾಯ್ತು ಬುಡು. ಪಿಯುಸಿ ಅಂದ್ರೆ ತೂಕ. ಸಿಇಟಿ ಅಂದ್ರೆ ರಿಕವರಿ. ಒಂದು ಟನ್ ಕಬ್ಬು ಅರೆದ್ರೆ ಒಂದು ಕ್ವಿಂಟಲ್ ಸಕ್ಕರೆ. ಮಿಕ್ಕಿದ್ದೆಲ್ಲ ಸಿಪ್ಪೆ."

ಇಷ್ಟು ಚೆನ್ನಾಗಿ ಯಾವ ಕೌನ್ಸೆಲಿಂಗ್‌ನಲ್ಲೂ ಯಾರೂ ಹೇಳಿರಲಿಲ್ಲ. ನಾನು ಖುಷಿಯಾಗಿ ತಲೆಯಾಡಿಸಿದೆ. ಅಪ್ಪ ಮುಂದುವರಿಸಿದರು. "ಸರಿ, ದುಡ್ಡು ಯಾವಾಗ ಕೊಡ್ತಾರಂತೆ?"

"ಇಲ್ಲಪ್ಪ, ಇಲ್ಲಿ ನಾವೇ ಕೊಡಬೇಕು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಾರ್ಖಾನೆಯೋರು ಬಾಕಿ ಉಳಿಸ್ಕೊಂಡ್ರೂ ಒಂದಿನ ಕೊಡ್ತಾರೆ ಕನ್ಲಾ. ಇಲ್ಲಿ ಕಬ್ಬೂ ನಮ್ದು, ದುಡ್ಡೂ ನಮ್ದೇನಾ?"

ಇನ್ನು ತೂಕದ ವಿಷಯ. ವೇ ಬ್ರಿಡ್ಜ್‌ನಲ್ಲಿ ಕಬ್ಬಿನ ತೂಕ ಕಮ್ಮಿ ಬರುತ್ತದೆ ಅನ್ನುವುದು ನಮ್ಮ ಕಡೆಯ ಹಳೇ ದೂರು. ಜಾಸ್ತಿ ಬಂತು ಅಂತ ಯಾರೂ ಹೇಳಿದ್ದಿಲ್ಲ. ಪರೀಕ್ಷೆಯಲ್ಲಿ ಎರಡೂ ನಡೆಯುತ್ತದೆ. 2024ರ ಸಿಇಟಿಯಲ್ಲಿ ಪಠ್ಯದಲ್ಲೇ ಇಲ್ಲದ ಪ್ರಶ್ನೆ ಬಂದು ಗಲಾಟೆಯಾಯಿತು. ನಾಲ್ಕು ವಿಷಯದ 240 ಪ್ರಶ್ನೆಯಲ್ಲಿ 50 ಕೈಬಿಟ್ಟರು. ಅದೇ ವರ್ಷ ಡಾಕ್ಟರ್ ಓದಿನ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ 718, 719 ಅಂತ ಅಂಕ ಬಂತು. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆ. 720 ಬಿಟ್ಟರೆ ಬರೋದು 716, ಇಲ್ಲ 715. ನಡುವಿನದು ಬರುವ ಹಾಗೇ ಇಲ್ಲ. ಆದರೂ ಬಂತು! ಆಮೇಲೆ ನೋಡಿದರೆ 1563 ಮಕ್ಕಳಿಗೆ ಗ್ರೇಸ್ ಮಾರ್ಕ್ಸ್ ಕೊಟ್ಟಿದ್ದರು. ಅದನ್ನೂ ವಾಪಸ್ ತೆಗೆದುಕೊಂಡರು ಅನ್ನಿ.

ಈಗ ಆ 87.4305618ಕ್ಕೆ ಬರೋಣ. ಇದು ದೇಶಕ್ಕೆಲ್ಲ ಒಂದೇ ಆದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ದು. ಊರಿನವರು ಇದನ್ನು ಕೇಳಿ "87 ಪರ್ಸೆಂಟಾ, ಪರವಾಗಿಲ್ಲ" ಅಂದರು. ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಅಂಕ ಕೇಳಿದರೆ 300ಕ್ಕೆ 80ರ ಆಸುಪಾಸು. ಅಂದರೆ ಅವಳ ಪಾಳಿಯಲ್ಲಿ ಬರೆದ ನೂರರಲ್ಲಿ 87 ಮಂದಿ ಅವಳಷ್ಟೇ, ಇಲ್ಲ ಅವಳಿಗಿಂತ ಕಮ್ಮಿ. ಕೇಳೋಕೆ ಚೆಂದ. ಆದರೆ 2025ರಲ್ಲಿ ಇದನ್ನು ಬರೆದವರು 14 ಲಕ್ಷಕ್ಕೂ ಜಾಸ್ತಿ. ಆ ಲೆಕ್ಕ ಹಿಡಿದರೆ ಅವಳ ಮುಂದೆ ಸುಮಾರು ಒಂದೂಮುಕ್ಕಾಲು ಲಕ್ಷ ಮಕ್ಕಳು ನಿಂತಿದ್ದಾರೆ. ಅಷ್ಟು ಜನರ ಹಿಂದೆ ಇವಳು ಎಲ್ಲಿ ನಿಂತಿದ್ದಾಳೆ ಅಂತ ಚುಕ್ಕಿಯಾದ ಮೇಲೆ ಏಳು ಅಂಕಿ ಇಟ್ಟು ಹೇಳುತ್ತಾರೆ. ನಮ್ಮ ಜಮೀನಿನ ಸರ್ವೆ ಇಷ್ಟು ನಿಖರವಾಗಿ ಆಗಿದ್ದರೆ ದಾಯಾದಿಗಳ ಕೇಸು ಇಷ್ಟೊತ್ತಿಗೆ ಮುಗಿದಿರುತ್ತಿತ್ತು.

ಎರಡು ರ‍್ಯಾಂಕಲ್ಲಿ ಒಂದು ಸಿಇಟಿಯದು, ಇನ್ನೊಂದು ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆಯದು. ಅಲ್ಲಿ ಪಿಯುಸಿ ಅಂಕ ಲೆಕ್ಕಕ್ಕೇ ಇಲ್ಲ. ಆ ರ‍್ಯಾಂಕನ್ನು ಮನೆಯಲ್ಲಿ ಯಾರೂ ಬಾಯಿಗೆ ತರುವುದಿಲ್ಲ.

ರ‍್ಯಾಂಕು ಬಂದರೆ ಸೀಟು ಬಂತು ಅಂದುಕೊಂಡಿರಾ? ಮೊದಲು 3ಎಜಿ, 3ಎಆರ್, 3ಎಕೆ ದಾಟಬೇಕು. 3ಎ ಅನ್ನುವುದು ನಮ್ಮ ಮೀಸಲಾತಿ ವರ್ಗ, ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ. ಆರ್ ಅಂದರೆ ಗ್ರಾಮೀಣ, ಅದಕ್ಕೆ ಶೇ. 15 ಸೀಟು. ಪುಟ್ಟಿ ಬೆಳಿಗ್ಗೆ ಎದ್ದು ಹಸುವಿಗೆ ಹುಲ್ಲು ಹಾಕಿ ಸ್ಕೂಲಿಗೆ ಹೋದವಳು. ಆದರೆ ಆರು, ಏಳನೇ ಕ್ಲಾಸನ್ನು ಮೈಸೂರಿನ ಕುವೆಂಪುನಗರದಲ್ಲಿ ಅತ್ತೆಯ ಮನೆಯಲ್ಲಿದ್ದು ಓದಿದಳು. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕಂತೆ. ಹಾಗಾಗಿ ಅವಳೀಗ ಪೇಟೆಯ ಹುಡುಗಿ. ಹಸುವಿಗೆ ಇದನ್ನು ಇನ್ನೂ ಹೇಳಿಲ್ಲ.

ಇದಾದ ಮೇಲೆ ಸೀಟು ಹಂಚಿಕೆಯ ತಾಲೀಮು, ಮಾಕ್ ಅಲಾಟ್‌ಮೆಂಟ್. ಮದುವೆಗೆ ಮುಂಚೆ ಒಂದು ಸುಳ್ಳು ಮದುವೆ ಮಾಡಿ, ಗಂಡು ಹಿಡಿಸಿತಾ ನೋಡಿ, ಹಿಡಿಸದಿದ್ದರೆ ಪಟ್ಟಿ ಬದಲಾಯಿಸಿ ಅನ್ನುವ ಹಾಗೆ. ಅದರಲ್ಲಿ ಮಂಡ್ಯದಲ್ಲೇ ಸೀಟು ತೋರಿಸಿತು. ಅತ್ತಿಗೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಿಜವಾದ ಅಲಾಟ್‌ಮೆಂಟಿನಲ್ಲಿ ಅದು ಬೇರೆಯವರ ಪಾಲಾಯಿತು. ದೀಪ ಮಾತ್ರ ನಿಜದ್ದೇ ಆಗಿತ್ತು.

ಮೊನ್ನೆ ಅಪ್ಪನನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ರಸ್ತೆ ಬದಿಯಲ್ಲಿ ಪುಟ್ಟಿ ಹೋಗುತ್ತಿದ್ದ ಕೋಚಿಂಗ್‌ನವರ ಫ್ಲೆಕ್ಸು. ನೂರಾರು ಮಕ್ಕಳ ಫೋಟೊ, ಸಾಸಿವೆ ಚೆಲ್ಲಿದ ಹಾಗೆ. ಮೂಲೆಯಲ್ಲಿ ನಮ್ಮ ಪುಟ್ಟಿ. ಆರು ಉತ್ತರದಲ್ಲಿ ಅವರು ಆರಿಸಿಕೊಂಡದ್ದು ಆ ಉದ್ದದ್ದನ್ನು. ಪರ್ಸೆಂಟೈಲ್ ಅನ್ನುವ ಪದಕ್ಕೆ ಜಾಗ ಸಾಲದೆ ಬಿಟ್ಟಿದ್ದರು. ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಎಣಿಸಿದರು.

"ಮಗೀನ ಫೋಟೊ ಕೆಳಗೆ ಯಾರ್ದಲಾ ಫೋನ್ ನಂಬರು? ಅದೂ ಒಂದು ಕಮ್ಮಿ ಐತೆ. ಹತ್ತು ಇರಬೇಕು, ಒಂಬತ್ತೇ ಐತೆ."

ಕೋಚಿಂಗ್‌ನವರೂ ಅದನ್ನೇ ಹೇಳುತ್ತಿದ್ದಾರೆ. ಸ್ವಲ್ಪ ಕಮ್ಮಿ ಇದೆ, ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಹಾಕಿ ಸರಿ ಮಾಡೋಣ ಅಂತ.